ಕಪ್ ಇತ್ತು, ಕೂಲಿ ಇರಲಿಲ್ಲ

ಹಾಕಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೊಡಗಿನ ಮೈದಾನಗಳು. ಕೆನಡಾದಲ್ಲಿ ಈ ಶಬ್ದಕ್ಕೆ ಬೇರೆಯೇ ಅರ್ಥ. ಅಲ್ಲಿ ಹಾಕಿ ಎಂದರೆ ಐಸ್ ಹಾಕಿ. ಮಂಜುಗಡ್ಡೆಯ ಅಂಗಣ, ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್, ಚೆಂಡಿನ ಬದಲು ‘ಪಕ್’ ಎಂಬ ಚಪ್ಪಟೆಯಾದ ರಬ್ಬರ್ ಬಿಲ್ಲೆ. ಗೋಲ್‌ಕೀಪರ್ ಸೇರಿ ಒಂದು ತಂಡದಿಂದ ಆರು ಮಂದಿ ಅಂಗಣದಲ್ಲಿರುತ್ತಾರೆ. 20 ನಿಮಿಷಗಳ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ.

ಈ ಆಟದಲ್ಲಿ ಪುರುಷರ ಪಾಲಿಗೆ ಅತ್ಯುನ್ನತ ಗೌರವವೆನಿಸಿದ ಸ್ಟ್ಯಾನ್ಲಿ ಕಪ್ಪನ್ನು 1892ರಲ್ಲಿ ಕೊಡಮಾಡಿದವರು ಕೆನಡಾದ ಅಂದಿನ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ. ಅವರ ಮಗಳು ಇಸೊಬೆಲ್ ಸ್ವತಃ ಆಟಗಾರ್ತಿ. ಆಟವಾಡುತ್ತಿರುವ ಹೆಂಗಸರ ಅತಿ ಹಳೆಯ ಛಾಯಾಚಿತ್ರಗಳಲ್ಲೊಂದು 1890ರ ಸುಮಾರಿನದು. ಒಟ್ಟಾವಾದ ಗವರ್ನರ್ ನಿವಾಸದ ಅಂಗಳದಲ್ಲಿ ಉದ್ದನೆಯ ಬಿಳಿಯ ಉಡುಪು ತೊಟ್ಟು ಆಡುತ್ತಿರುವ ಇಸೊಬೆಲ್ ಅದರಲ್ಲಿದ್ದಾಳೆ. ಅಂದರೆ ಹೆಂಗಸರು ಈ ಆಟಕ್ಕೆ ತಡವಾಗಿ ಬಂದವರಲ್ಲ. ತಂದೆ ಕೊಟ್ಟ ಕಪ್ಪಿನ ಸುತ್ತ ಗಂಡಸರ ಕೋಟ್ಯಂತರ ಡಾಲರುಗಳ ವ್ಯವಹಾರವೇ ಬೆಳೆಯಿತು. ಮಗಳ ಸಾಲಿನವರಿಗೆ ಆಡಿದ್ದಕ್ಕೆ ಜೀವನಕ್ಕೆ ಸಾಕಾಗುವಷ್ಟು ಸಂಬಳ ಸಿಗಲು ಮಾತ್ರ ನೂರಮೂವತ್ತು ವರ್ಷ ಹಿಡಿಯಿತು.

ಅಷ್ಟು ದಿನ ಅವರೇನೂ ಸುಮ್ಮನಿರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಮಾಂಟ್ರಿಯಲ್‌ನಲ್ಲಿ ಮಹಿಳೆಯರ ಲೀಗ್ ನಡೆಯಿತು. ಒಂಟಾರಿಯೊ ಪ್ರಾಂತ್ಯದ ಪ್ರೆಸ್ಟನ್ ಎಂಬ ಊರಿನಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದ ಹುಡುಗಿಯರು ಚಳಿಗಾಲಕ್ಕೂ ಒಂದು ಆಟ ಬೇಕೆಂದು 1931ರಲ್ಲಿ ಕಟ್ಟಿದ ‘ರಿವ್ಯುಲೆಟ್ಸ್’ ತಂಡ ಆ ದಶಕವನ್ನೇ ಆಳಿತು. ಎರಡನೆಯ ಮಹಾಯುದ್ಧ ಬಂದಾಗ ಆ ತಂಡವೂ ಚದುರಿತು. ಆಮೇಲಿನ ವರ್ಷಗಳಲ್ಲಿ ಈ ಆಟ ಹುಡುಗರದು ಎಂಬ ಭಾವನೆ ಎಷ್ಟು ಗಟ್ಟಿಯಾಯಿತೆಂದರೆ, ಟೊರಾಂಟೊದ ಬಾಲಕಿ ಅಬಿ ಹಾಫ್‌ಮನ್ ‘ಅಬ್’ ಎಂಬ ಹೆಸರಿನಲ್ಲಿ ಹುಡುಗರ ಲೀಗ್‌ನಲ್ಲಿ ಆಡಬೇಕಾಯಿತು. 1956ರಲ್ಲಿ ಜನನ ಪತ್ರ ಕೇಳಿದಾಗ ಗುಟ್ಟು ರಟ್ಟಾಯಿತು. ಮುಂದೆ ಆಕೆ ಓಟಗಾರ್ತಿಯಾಗಿ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಕೆನಡಾವನ್ನು ಪ್ರತಿನಿಧಿಸಿದಳು.

ಮಹಿಳೆಯರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1990ರಲ್ಲಿ, ಒಟ್ಟಾವಾದಲ್ಲಿ. ಜನರ ಗಮನ ಸೆಳೆಯಲೆಂದು ಕೆನಡಾದ ಆಟಗಾರ್ತಿಯರಿಗೆ ಗುಲಾಬಿ ಬಣ್ಣದ ಅಂಗಿ ತೊಡಿಸಲಾಗಿತ್ತು! ಅಂಗಿ ಯಾವುದಾದರೇನು, ಫೈನಲ್‌ನಲ್ಲಿ ಅಮೆರಿಕವನ್ನು ಅವರು 5–2ರಿಂದ ಸೋಲಿಸಿದರು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಮಹಿಳಾ ಐಸ್ ಹಾಕಿಗೆ ಪ್ರವೇಶ ದೊರೆಯಿತು; ಅಲ್ಲಿ ಚಿನ್ನ ಅಮೆರಿಕದ ಪಾಲಾಯಿತು. ಪದಕಗಳೇನೋ ಬಂದವು. ಆದರೆ ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ. ನಡುವಿನ ಚಳಿಗಾಲಗಳಲ್ಲಿ ಆಡುವುದೆಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕಿದವರ ಪೈಕಿ ಜೇನಾ ಹೆಫರ್ಡ್ ಹೆಸರನ್ನು ಮುಖ್ಯವಾಗಿ ಹೇಳಬೇಕು. ನಾಲ್ಕು ಒಲಿಂಪಿಕ್ ಚಿನ್ನ ಗೆದ್ದ ಈ ಆಟಗಾರ್ತಿ ಟೊರಾಂಟೊ ಬಳಿಯ ಬ್ರಾಂಪ್ಟನ್ ತಂಡದಲ್ಲಿದ್ದವರು. 1999ರಲ್ಲಿ ಕೆನಡಾದಲ್ಲಿ ಆರಂಭವಾದ ಲೀಗ್ 2007ರಲ್ಲಿ ಮುಚ್ಚಿತು. ಅದೇ ವರ್ಷ ಆಟಗಾರ್ತಿಯರೇ ಮುಂದಾಗಿ ಕೆನಡಾ ಮಹಿಳಾ ಹಾಕಿ ಲೀಗನ್ನು ಕಟ್ಟಿದರು. ಬ್ರಾಂಪ್ಟನ್, ಮಾಂಟ್ರಿಯಲ್, ಮಿಸಿಸಾಗ, ಒಟ್ಟಾವಾ ಮೊದಲಾದ ಊರುಗಳ ತಂಡಗಳು ಅದರಲ್ಲಿದ್ದವು. ಮುಂದೆ ಬಾಸ್ಟನ್, ಕ್ಯಾಲ್ಗರಿಗಳೂ ಸೇರಿದವು.

ಆದರೆ ಸಂಬಳವಿರಲಿಲ್ಲ. ಪ್ರಾಯೋಜಕರು ಕೊಟ್ಟ ಹಣ ಅಂಗಣದ ಬಾಡಿಗೆಗೆ, ಪ್ರಯಾಣಕ್ಕೆ ಮುಗಿಯುತ್ತಿತ್ತು. ಹಗಲೆಲ್ಲ ಶಾಲೆಯಲ್ಲೋ ಕಚೇರಿಯಲ್ಲೋ ದುಡಿದು ರಾತ್ರಿ ಅಭ್ಯಾಸಕ್ಕೆ ಬರುವುದು, ಶನಿವಾರ–ಭಾನುವಾರ ಪಂದ್ಯ ಆಡುವುದು, ಸೋಮವಾರ ಮತ್ತೆ ಕೆಲಸಕ್ಕೆ ಹಾಜರಾಗುವುದು. ಒಲಿಂಪಿಕ್ ಚಿನ್ನ ಗೆದ್ದವರೂ ಇದೇ ಲೀಗ್‌ನಲ್ಲಿ ಸಂಬಳವಿಲ್ಲದೆಯೇ ಆಡುತ್ತಿದ್ದರು.

ಹಾಗೆಂದು ಕಪ್ಪಿಗೆ ಕೊರತೆಯಿರಲಿಲ್ಲ. ಮತ್ತೊಬ್ಬ ಗವರ್ನರ್ ಜನರಲ್ ಏಡ್ರಿಯನ್ ಕ್ಲಾರ್ಕ್‌ಸನ್ ತಮ್ಮ ಹೆಸರಿನ ಬೆಳ್ಳಿಯ ಕಪ್ಪನ್ನು ಕೊಟ್ಟಿದ್ದರು. 2009ರಲ್ಲಿ ಅದನ್ನು ಮೊದಲು ಗೆದ್ದದ್ದು ಮಾಂಟ್ರಿಯಲ್ ಸ್ಟಾರ್ಸ್; 2011 ಮತ್ತು 2012ರಲ್ಲೂ ಅದೇ ತಂಡ. ಒಲಿಂಪಿಕ್ ಫೈನಲ್‌ಗಳಲ್ಲಿ ಗೋಲು ಹೊಡೆಯುವುದನ್ನೇ ರೂಢಿ ಮಾಡಿಕೊಂಡಿದ್ದ ಮರಿ ಫಿಲಿಪ್ ಪುಲ್ಯಾ ಬೆಳೆದದ್ದು ಈ ತಂಡದಲ್ಲಿ.

2015ರಲ್ಲಿ ಅಮೆರಿಕದಲ್ಲಿ ಎದುರಾಳಿ ಲೀಗ್ ಹುಟ್ಟಿತು. ಬಾಸ್ಟನ್, ಬಫಲೊ, ಕನೆಕ್ಟಿಕಟ್, ನ್ಯೂಯಾರ್ಕ್‌ಗಳ ನಾಲ್ಕು ತಂಡಗಳ ಈ ಲೀಗ್ ಒಂದು ಋತುವಿಗೆ ಕನಿಷ್ಠ 10,000 ಡಾಲರ್ ಸಂಬಳ ಕೊಡುವುದಾಗಿ ಘೋಷಿಸಿತು. ಅದರ ಕಪ್ಪಿಗೆ ಇಸೊಬೆಲ್‌ಳ ಹೆಸರನ್ನೇ ಇಡಲಾಯಿತು. ಆದರೆ ಎರಡನೆಯ ಋತುವಿನ ನಡುವೆಯೇ, 2016ರ ನವೆಂಬರ್‌ನಲ್ಲಿ, ಹಣ ಸಾಲದೆ ಸಂಬಳಕ್ಕೆ ಕತ್ತರಿ ಬಿತ್ತು. ಕೆನಡಾದ ಲೀಗ್ ಚೀನಾದ ಎರಡು ತಂಡಗಳನ್ನು ಸೇರಿಸಿಕೊಂಡು 2017ರಿಂದ 2,000ದಿಂದ 10,000 ಡಾಲರ್‌ವರೆಗೆ ಭತ್ಯೆ ಕೊಡತೊಡಗಿತು. ಇರುವ ಸ್ವಲ್ಪ ಪ್ರಾಯೋಜಕರನ್ನೂ ಸ್ವಲ್ಪ ಪ್ರೇಕ್ಷಕರನ್ನೂ ಎರಡು ಲೀಗ್‌ಗಳು ಹಂಚಿಕೊಳ್ಳಬೇಕಾಗಿ ಬಂದದ್ದೇ ಎರಡಕ್ಕೂ ಮುಳುವಾಯಿತು.

2019ರ ಮಾರ್ಚ್ 24ರಂದು ಕ್ಯಾಲ್ಗರಿ ಇನ್‌ಫರ್ನೊ ಕ್ಲಾರ್ಕ್‌ಸನ್ ಕಪ್ ಗೆದ್ದಿತು. ಸರಿಯಾಗಿ ಒಂದು ವಾರದ ನಂತರ, ಮಾರ್ಚ್ 31ರಂದು, ಲೀಗನ್ನೇ ಮುಚ್ಚುವುದಾಗಿ ಪ್ರಕಟಣೆ ಬಂದಿತು. ಆಗ ಅದರ ಹಂಗಾಮಿ ಆಯುಕ್ತರಾಗಿದ್ದವರು ಇದೇ ಜೇನಾ ಹೆಫರ್ಡ್.

ಉಳಿದದ್ದು ಅಮೆರಿಕದ ಲೀಗ್ ಒಂದೇ. ಎಲ್ಲರೂ ಅಲ್ಲಿಗೇ ಹೋಗುತ್ತಾರೆಂದು ಹಲವರು ಊಹಿಸಿದ್ದರು. ಆದರೆ ಮೇ 2ರಂದು ಇನ್ನೂರಕ್ಕೂ ಹೆಚ್ಚು ಆಟಗಾರ್ತಿಯರು ಒಟ್ಟಾಗಿ, ಮುಂದಿನ ಋತುವಿನಲ್ಲಿ ಉತ್ತರ ಅಮೆರಿಕದ ಯಾವ ಲೀಗ್‌ನಲ್ಲೂ ಆಡುವುದಿಲ್ಲ ಎಂದು ಘೋಷಿಸಿದರು. ಬದುಕಲು ಸಾಕಾಗುವ ಸಂಬಳ, ಆರೋಗ್ಯ ವಿಮೆ, ನೆಟ್ಟಗಿನ ವ್ಯವಸ್ಥೆ ಅವರ ಬೇಡಿಕೆಗಳು. ಅಮೆರಿಕದ ರಾಷ್ಟ್ರೀಯ ತಂಡ 2017ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬಹಿಷ್ಕರಿಸುವುದಾಗಿ ಹೇಳಿ ಒಳ್ಳೆಯ ಒಪ್ಪಂದ ಪಡೆದಿತ್ತು; ಆ ಪಾಠ ಅವರ ಮುಂದಿತ್ತು.

ಕ್ರೀಡಾಪಟುವಿಗೆ ಪ್ರಾಯವೇ ಬಂಡವಾಳ. ಇವರು ಅದನ್ನೇ ಪಣಕ್ಕಿಟ್ಟರು. ಹೆಫರ್ಡ್ ಮುನ್ನಡೆಸಿದ ಆಟಗಾರ್ತಿಯರ ಸಂಘ ಊರೂರಲ್ಲಿ ಪ್ರದರ್ಶನ ಪಂದ್ಯಗಳನ್ನು ನಡೆಸಿತು. ನಡುವೆ ಕೋವಿಡ್ ಬಂದು ಅವೂ ವಿರಳವಾದವು. ಹೀಗೆ ನಾಲ್ಕು ಚಳಿಗಾಲಗಳು ಕಳೆದವು.

ಅಮೆರಿಕದ ಲೀಗ್‌ನಲ್ಲೇ ಉಳಿದವರದೂ ಒಂದು ನ್ಯಾಯವಿತ್ತು. ಇರುವ ಲೀಗನ್ನು ಬಿಟ್ಟರೆ ಇನ್ನೊಂದು ಹುಟ್ಟುತ್ತದೆಂಬ ಖಾತರಿಯೇನು? ಅವರು ಆಡುತ್ತಲೇ ಹೋದರು. ಲೀಗ್ 2021ರಲ್ಲಿ ಹೆಸರು ಬದಲಿಸಿಕೊಂಡಿತು. 2023–24ರ ಋತುವಿಗೆ ಪ್ರತಿ ತಂಡದ ಸಂಬಳದ ಮಿತಿಯನ್ನು 15 ಲಕ್ಷ ಡಾಲರಿಗೆ ಏರಿಸುವುದಾಗಿ ಹೇಳಿತು. ಹೊರಗುಳಿದವರು ಹೂಡಿದ ಒತ್ತಡ ಒಳಗಿದ್ದವರ ಸಂಬಳವನ್ನೂ ಏರಿಸಿರಬೇಕು.

2023ರ ಜೂನ್ ಕೊನೆಯಲ್ಲಿ ಅಮೆರಿಕದ ಉದ್ಯಮಿ ಮಾರ್ಕ್ ವಾಲ್ಟರ್ ಮತ್ತು ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಅವರ ಸಂಸ್ಥೆಗಳು ಆ ಲೀಗನ್ನು ಕೊಂಡು ಮುಚ್ಚಿದವು. ಅದರ ಜಾಗದಲ್ಲಿ ವೃತ್ತಿಪರ ಮಹಿಳಾ ಹಾಕಿ ಲೀಗ್ ಎಂಬ ಒಂದೇ ಲೀಗ್ ಬಂತು. ಪಂದ್ಯ ಶುರುವಾಗುವ ಮೊದಲೇ ಆಟಗಾರ್ತಿಯರ ಒಕ್ಕೂಟದೊಡನೆ 2031ರವರೆಗಿನ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಕನಿಷ್ಠ ಸಂಬಳ 35,000 ಡಾಲರ್. ಪ್ರತಿ ತಂಡದಲ್ಲಿ ಆರು ಮಂದಿಗಾದರೂ 80,000 ಡಾಲರಿಗೆ ಕಡಿಮೆಯಿಲ್ಲದ ಸಂಬಳ. ಅದೇ ಋತುವಿನಲ್ಲಿ ಪುರುಷರ ಲೀಗ್‌ನ ಕನಿಷ್ಠ ಸಂಬಳ 7.75 ಲಕ್ಷ ಡಾಲರ್ ಇತ್ತು ಎಂಬುದನ್ನೂ ಮರೆಯುವಂತಿಲ್ಲ.

ಈ ಗೆಲುವಿಗೆ ಬೆಲೆ ತೆತ್ತವರಿದ್ದಾರೆ. ಮುಚ್ಚಿದ ಲೀಗ್‌ನಲ್ಲಿ ಏಳು ತಂಡಗಳಿದ್ದವು, ಹೊಸದರಲ್ಲಿ ಆರು. ಹಳೆಯ ಲೀಗ್‌ನೊಡನೆ ಆಗಲೇ ಒಪ್ಪಂದ ಮಾಡಿಕೊಂಡಿದ್ದವರ ಕಾಗದಗಳು ರದ್ದಾದವು. ಅವರಲ್ಲಿ ಅನೇಕರಿಗೆ ಹೊಸ ತಂಡಗಳಲ್ಲಿ ಜಾಗ ಸಿಗಲಿಲ್ಲ.

2024ರ ಜನವರಿ 1ರಂದು ಟೊರಾಂಟೊದಲ್ಲಿ ಮೊದಲ ಪಂದ್ಯ. ನ್ಯೂಯಾರ್ಕ್ 4–0ಯಿಂದ ಗೆದ್ದಿತು. ತಂಡಗಳಿಗೆ ಆಗಿನ್ನೂ ಹೆಸರಿರಲಿಲ್ಲ. ಅಂಗಿಯ ಮೇಲೆ ಊರಿನ ಹೆಸರಷ್ಟೇ. ಆದರೂ ಏಪ್ರಿಲ್ 20ರಂದು ಮಾಂಟ್ರಿಯಲ್–ಟೊರಾಂಟೊ ಪಂದ್ಯ ನೋಡಲು 21,105 ಮಂದಿ ಬಂದರು. ಮಹಿಳಾ ಐಸ್ ಹಾಕಿಯಲ್ಲಿ ಅದು ವಿಶ್ವದಾಖಲೆ.

ಲೀಗ್‌ನ ಒಂದು ನಿಯಮ ಸ್ವಾರಸ್ಯದ್ದು. ಪ್ಲೇಆಫ್‌ನಲ್ಲಿ ತನ್ನ ಎದುರಾಳಿ ಯಾರೆಂಬುದನ್ನು ಅಗ್ರಸ್ಥಾನದ ತಂಡವೇ ಆರಿಸಿಕೊಳ್ಳಬೇಕು. 2024ರಲ್ಲಿ ಟೊರಾಂಟೊ ತಂಡ ಮಿನೆಸೋಟವನ್ನು ಆರಿಸಿಕೊಂಡು ಸೋತಿತು. ಆ ಮಿನೆಸೋಟವೇ ಕೊನೆಗೆ ಬಾಸ್ಟನ್ನನ್ನು ಸೋಲಿಸಿ ಮೊದಲ ವಾಲ್ಟರ್ ಕಪ್ ಎತ್ತಿತು. 2025ರಲ್ಲಿ ಮಾಂಟ್ರಿಯಲ್ ಒಟ್ಟಾವಾವನ್ನು ಆರಿಸಿಕೊಂಡು ಅದೇ ತಪ್ಪು ಮಾಡಿತು. ಫೈನಲ್‌ನ ನಾಲ್ಕೂ ಪಂದ್ಯಗಳು ಹೆಚ್ಚುವರಿ ಅವಧಿಗೆ ಹೋಗಿ, ‘ಫ್ರಾಸ್ಟ್’ ಎಂದು ಹೆಸರು ಪಡೆದಿದ್ದ ಮಿನೆಸೋಟ ಒಟ್ಟಾವಾವನ್ನು ಸೋಲಿಸಿ ಮತ್ತೆ ಗೆದ್ದಿತು. ಎರಡು ಬಾರಿಯೂ ಕಪ್ ಹಿಡಿದ ನಾಯಕಿ ಕೆಂಡಲ್ ಕೋಯ್ನ್ ಸ್ಕೋಫೀಲ್ಡ್, 2019ರಲ್ಲಿ ಆಡುವುದಿಲ್ಲವೆಂದವರ ಮುಂದಾಳುಗಳಲ್ಲೊಬ್ಬರು. ಹಾಕಿ ವ್ಯವಹಾರದ ಹೊಣೆ ಹೊತ್ತವರು ಜೇನಾ ಹೆಫರ್ಡ್.

2025–26ರ ಋತುವಿಗೆ ಸಿಯಾಟಲ್, ವ್ಯಾಂಕೂವರ್ ಸೇರಿ ತಂಡಗಳು ಎಂಟಾದವು. ಆದರೆ ಲೀಗ್ ಕಟ್ಟಿದಾಗ ಎಲ್ಲ ತಂಡಗಳೂ ಒಬ್ಬನೇ ಧಣಿಯ ಕೈಯಲ್ಲಿದ್ದವು. ಧಣಿಯ ಉತ್ಸಾಹ ತಣಿದರೆ ಏನು ಗತಿ ಎಂಬ ಅಳುಕು 2007ನ್ನೂ 2019ನ್ನೂ ಕಂಡವರಿಗೆ ಇಲ್ಲದಿಲ್ಲ. ಹಿಂದೆ ಲೀಗ್ ಮುಚ್ಚಿದಾಗಲೆಲ್ಲ ಆಟಗಾರ್ತಿಯರ ಕೈಯಲ್ಲಿ ಉಳಿದಿದ್ದು ಕಪ್ಪಿನೊಡನೆ ತೆಗೆಸಿಕೊಂಡ ಒಂದು ಚಿತ್ರ. ಈ ಸಲ ಸಹಿ ಮಾಡಿದ ಒಂದು ಕರಾರುಪತ್ರವೂ ಇದೆ.