ಉರಿ ಎಲ್ಲಿದೆ ಗೊತ್ತು, ಯಾಕೆ ಎಂಬುದು ಬೇರೆ ಮಾತು

ಇಪ್ಪತ್ತೈದರ ಯುವಕನಿಗೆ ಎದೆನೋವು. ವಾರದ ಹಿಂದೆ ಜ್ವರ ಬಂದು ಹೋಗಿದೆ. ಇಸಿಜಿ ಸರಿಯಿಲ್ಲ, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ಟ್ರೋಪೋನಿನ್ ಏರಿದೆ, ಆದರೆ ಆಂಜಿಯೋಗ್ರಾಂ ಮಾಡಿದರೆ ಎಲ್ಲೂ ಬ್ಲಾಕ್ ಇಲ್ಲ. ಆಗ ವೈದ್ಯರ ಅನುಮಾನ ಹೃದಯದ ಸ್ನಾಯುವಿನ ಉರಿಯೂತದ ಕಡೆ, ಅಂದರೆ ಮಯೋಕಾರ್ಡೈಟಿಸ್ ಕಡೆ ತಿರುಗುತ್ತದೆ. ಸೌಲಭ್ಯ ಇರುವ ಕಡೆ ಇಂಥವರನ್ನು ಈಗ ಕಾರ್ಡಿಯಾಕ್ ಎಂಆರ್‌ಐಗೆ ಕಳಿಸುತ್ತಾರೆ.

ಮೊದಲು ಖಚಿತ ಉತ್ತರಕ್ಕೆ ಇದ್ದದ್ದು ಬಯಾಪ್ಸಿ ಒಂದೇ. ರಕ್ತನಾಳದ ಮೂಲಕ ಪುಟ್ಟ ಚಿಮಟ ತೂರಿಸಿ ಹೃದಯದ ಒಳಗಿಂದ ಚೂರು ತೆಗೆಯುವ ವಿಧಾನವನ್ನು ಜಪಾನಿನ ಸಕಾಕಿಬರ ಮತ್ತು ಕೊನ್ನೊ 1962ರಲ್ಲಿ ತೋರಿಸಿಕೊಟ್ಟರು. ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಓದಲು 1980ರ ದಶಕದಲ್ಲಿ ಡಲ್ಲಾಸ್ ಮಾನದಂಡಗಳು ಬಂದವು. ತೊಡಕು ಮಾತ್ರ ಉಳಿಯಿತು. ಉರಿಯೂತ ಸ್ನಾಯುವಿನ ತುಂಬ ಸಮನಾಗಿ ಹರಡುವುದಿಲ್ಲ, ಅಲ್ಲೊಂದು ಇಲ್ಲೊಂದು ತೇಪೆಯಂತಿರುತ್ತದೆ. ಚಿಮಟ ಸಾಮಾನ್ಯವಾಗಿ ಹೋಗುವುದು ಬಲ ಕುಹರಕ್ಕೆ. ಉರಿಯೂತ ಬಹಳ ಸಲ ಕೂರುವುದು ಎಡ ಕುಹರದ ಹೊರಪಕ್ಕದ ಗೋಡೆಯಲ್ಲಿ. ಕಾಯಿಲೆ ಇದ್ದೂ ಬಯಾಪ್ಸಿ ವರದಿ ನಾರ್ಮಲ್ ಬರುವುದರಲ್ಲಿ ಆಶ್ಚರ್ಯವಿಲ್ಲ.

ಎಂಆರ್‌ಐ ಈ ಕ್ಷೇತ್ರಕ್ಕೆ ಬಂದದ್ದು ನೀರಿನ ಜಾಡು ಹಿಡಿದು. ಊದಿಕೊಂಡ ಸ್ನಾಯುವಿನಲ್ಲಿ ನೀರು ಹೆಚ್ಚು, ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತದೆ. 1998ರಲ್ಲಿ ಜರ್ಮನಿಯ ಮಥಿಯಾಸ್ ಫ್ರೀಡ್ರಿಶ್ ಮತ್ತು ಸಂಗಡಿಗರು ಚಿತ್ರವನ್ನು ಎದ್ದುಕಾಣಿಸುವ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ಚಿತ್ರ ತೆಗೆದು, ಮೊದಲು ಒಂದೆಡೆ ಇದ್ದ ಉರಿಯೂತ ಎರಡು ವಾರದೊಳಗೆ ಹೇಗೆ ಹರಡುತ್ತದೆಂದು ತೋರಿಸಿದರು.

ನಿಜವಾದ ತಿರುವು ಬಂದದ್ದು ‘ಲೇಟ್ ಎನ್‌ಹಾನ್ಸ್‌ಮೆಂಟ್’ ಚಿತ್ರಗಳಿಂದ. ಚುಚ್ಚುಮದ್ದು ಕೊಟ್ಟು ಹತ್ತು ಹದಿನೈದು ನಿಮಿಷ ಕಾಯಬೇಕು. ಅಷ್ಟರಲ್ಲಿ ಗ್ಯಾಡೋಲಿನಿಯಂ ಆರೋಗ್ಯವಂತ ಸ್ನಾಯುವಿನಿಂದ ಬಹುಪಾಲು ಹೊರಟುಹೋಗಿ, ಜೀವಕೋಶಗಳು ಒಡೆದ ಜಾಗದಲ್ಲಿ ತಂಗಿರುತ್ತದೆ. ರೋಗಿ ಉಸಿರು ಹಿಡಿದ ಕೆಲವು ಸೆಕೆಂಡುಗಳಲ್ಲಿ ತೆಗೆದ ಚಿತ್ರದಲ್ಲಿ ಒಳ್ಳೆಯ ಸ್ನಾಯು ಕಪ್ಪು, ಕೆಟ್ಟದ್ದು ಬಿಳುಪು. ರೇಡಿಯಾಲಜಿಸ್ಟ್ ಆ ಬಿಳುಪು ಗೋಡೆಯ ಯಾವ ಪದರದಲ್ಲಿದೆ ಎಂದು ಹುಡುಕುತ್ತಾರೆ. ಹೃದಯಾಘಾತದ ಗಾಯ ಒಳಪದರದಿಂದ ಹೊರಕ್ಕೆ ಬೆಳೆಯುತ್ತದೆ. ಮಯೋಕಾರ್ಡೈಟಿಸ್‌ನದು ಸಾಮಾನ್ಯವಾಗಿ ಒಳಪದರವನ್ನು ಬಿಟ್ಟು ಹೊರಪದರದಲ್ಲೋ ನಡುವೆಯೋ ಗೆರೆ ಎಳೆದಂತಿರುತ್ತದೆ. ಇಡೀ ತಪಾಸಣೆಯಲ್ಲಿ ಇಷ್ಟು ಉಪಯುಕ್ತವಾದ ಸುಳಿವು ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ.

ಸುಳಿವು ಸಿಕ್ಕಿದ ಮೇಲೆ ಆಸೆಯೂ ಬೆಳೆಯಿತು. ಸ್ಟುಟ್‌ಗಾರ್ಟ್‌ನ ಮಾರ್‌ಹೋಲ್ಟ್ ತಂಡ 2006ರಲ್ಲಿ ಪಾರ್ವೊವೈರಸ್ ಇದ್ದವರಲ್ಲಿ ಹೊರಪಕ್ಕದ ಗೋಡೆ, ಹರ್ಪಿಸ್ 6 ಇದ್ದವರಲ್ಲಿ ನಡುಗೋಡೆ ಎಂಬ ಒಲವನ್ನು ಗುರುತಿಸಿತು. ಚಿತ್ರ ನೋಡಿಯೇ ವೈರಸ್ಸಿನ ಹೆಸರು ಹೇಳಬಹುದೇನೋ ಅನ್ನಿಸಿದ್ದು ಸಹಜ. ಅದು ರೂಢಿಗೆ ಬರಲಿಲ್ಲ. ಪಾರ್ವೊವೈರಸ್ಸಂತೂ ಉರಿಯೂತ ಇಲ್ಲದ ಹೃದಯಗಳಲ್ಲೂ ಸಿಗುತ್ತದೆ.

2009ರಲ್ಲಿ ಪ್ರಕಟವಾದ ಲೇಕ್ ಲೂಯಿಸ್ ಮಾನದಂಡಗಳು, ಕೆನಡಾದ ಆ ಊರಿನ ಹೆಸರು ಹೊತ್ತು, ಊತ, ಹೆಚ್ಚಿದ ರಕ್ತಸಂಚಾರ, ಗಾಯ ಈ ಮೂರರಲ್ಲಿ ಎರಡು ಕಂಡರೆ ಸಾಕು ಎಂದವು. ಆದರೆ ಇಡೀ ಹೃದಯ ಸಮನಾಗಿ ಊದಿಕೊಂಡರೆ ಹೋಲಿಸಿ ನೋಡಲು ಕಪ್ಪು ಭಾಗ ಎಲ್ಲಿರುತ್ತದೆ? ಇದಕ್ಕೆ ಉತ್ತರ ಮ್ಯಾಪಿಂಗ್: ಕಣ್ಣಳತೆ ಬಿಟ್ಟು, ಸ್ನಾಯುವಿನ ಟಿ1, ಟಿ2 ಕಾಲವನ್ನು (ಎಂಆರ್‌ಐ ಸಂಕೇತ ಮರಳುವ, ಆರುವ ಕಾಲ) ಮಿಲಿಸೆಕೆಂಡುಗಳಲ್ಲಿ ಅಳೆಯುವುದು. 2018ರ ಪರಿಷ್ಕರಣೆ ಊತಕ್ಕೆ ಒಂದು ಟಿ2 ಪುರಾವೆ, ಹಾನಿಗೆ ಒಂದು ಟಿ1 ಪುರಾವೆ, ಎರಡೂ ಇರಲಿ ಎಂದಿತು. ಆದರೆ ಈ ಅಳತೆ ಯಂತ್ರದ ಕಾಂತಶಕ್ತಿಗೆ ತಕ್ಕಂತೆ ಬದಲಾಗುತ್ತದೆ; 1.5 ಟೆಸ್ಲಾದ ಯಂತ್ರದ ಸಂಖ್ಯೆ 3 ಟೆಸ್ಲಾಕ್ಕೆ ಹೊಂದದು. ತನ್ನ ಯಂತ್ರದ ನಾರ್ಮಲ್ ಮಿತಿ ಬರೆಯದ ವರದಿಯಿಂದ ಪ್ರಯೋಜನ ಕಡಿಮೆ.

ಸಂಖ್ಯೆಗಳ ಈ ಮೋಹ ಕೋವಿಡ್ ಕಾಲದಲ್ಲಿ ಪರೀಕ್ಷೆಗೆ ಒಳಗಾಯಿತು. 2020ರ ಜುಲೈನಲ್ಲಿ ಫ್ರಾಂಕ್‌ಫರ್ಟ್‌ನಿಂದ, ಚೇತರಿಸಿಕೊಂಡ 100 ಮಂದಿಯಲ್ಲಿ 78 ಜನರ ಎಂಆರ್‌ಐ ಸರಿಯಿಲ್ಲ ಎಂಬ ವರದಿ ಬಂದು ಜಗತ್ತೇ ಗಾಬರಿಯಾಯಿತು. ಅಂಕಿಅಂಶಗಳಲ್ಲಿ ದೋಷ ಕಂಡು ತಿದ್ದುಪಡಿ ಪ್ರಕಟವಾಯಿತು. ಮುಖ್ಯ ತೀರ್ಮಾನ ಬದಲಾಗಲಿಲ್ಲ ಎಂದು ಲೇಖಕರು ನಿಂತರು. ಆದರೂ ನಂತರದ ಅಧ್ಯಯನಗಳಲ್ಲಿ, ಕ್ರೀಡಾಪಟುಗಳಲ್ಲಂತೂ, ಪ್ರಮಾಣ ಬಹಳ ಕಡಿಮೆಯೇ ಕಂಡಿತು. ಎಂಆರ್‌ಎನ್‌ಎ ಲಸಿಕೆಯ ನಂತರ ವಿರಳವಾಗಿ, ಹೆಚ್ಚಾಗಿ ಎಳೆಯ ಗಂಡಸರಲ್ಲಿ, ಕಂಡ ಮಯೋಕಾರ್ಡೈಟಿಸ್‌ನಲ್ಲೂ ಗಾಯ ಅದೇ ಹೊರಪಕ್ಕದ ಗೋಡೆಯಲ್ಲಿ. ವೈರಸ್ಸೋ ಲಸಿಕೆಯೋ ಎಂಬುದನ್ನು ರೋಗಿಯ ಚರಿತ್ರೆಯೇ ಹೇಳಬೇಕು.

ಕ್ಯಾನ್ಸರಿನ ಇಮ್ಯುನೋಥೆರಪಿ ಔಷಧಗಳಿಂದಾಗುವ ಉರಿಯೂತದಲ್ಲಿ ಎಂಆರ್‌ಐ ಇನ್ನೂ ಎಡವುತ್ತದೆ. 2020ರ ಒಂದು ದೊಡ್ಡ ಸರಣಿಯಲ್ಲಿ ಇಂಥ ರೋಗಿಗಳಲ್ಲಿ ಬಿಳಿ ಗುರುತು ಕಂಡದ್ದು ಅರ್ಧದಷ್ಟು ಮಂದಿಯಲ್ಲಿ ಮಾತ್ರ. ಚಿತ್ರ ನಾರ್ಮಲ್ ಎಂದು ಔಷಧ ಮುಂದುವರಿಸಿದರೆ ಜೀವಕ್ಕೇ ಅಪಾಯ.

ಭಾರತದಲ್ಲಿ ಇನ್ನೊಂದು ಗಂಟಿದೆ. ಹೃದಯದ ಸಾರ್ಕಾಯಿಡೋಸಿಸ್ ಮತ್ತು ಹೃದಯದ ಕ್ಷಯ, ಎರಡೂ ಗ್ರಾನ್ಯುಲೋಮಾ (ಉರಿಯೂತದ ಪುಟ್ಟ ಗಂಟು) ಕಟ್ಟುವ ಕಾಯಿಲೆಗಳು. ಎಂಆರ್‌ಐಯಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ಆದರೆ ಮೊದಲನೆಯದಕ್ಕೆ ಸ್ಟೀರಾಯ್ಡ್, ಎರಡನೆಯದಕ್ಕೆ ತಿಂಗಳುಗಟ್ಟಲೆ ಟಿಬಿ ಔಷಧ. ಪೆಟ್ ಸ್ಕ್ಯಾನ್‌ನಲ್ಲಿ ಎದೆಯ ಲಿಂಫ್ ಗಂಟು ಬೆಳಗಿದರೆ ಸೂಜಿ ಹಾಕಿ ಅದರ ಮಾದರಿ ತೆಗೆಯುವುದು ಹೃದಯಕ್ಕೆ ಚಿಮಟ ತೂರಿಸುವುದಕ್ಕಿಂತ ಸುಲಭ, ಉತ್ತರ ಸಿಗುವ ಸಂಭವವೂ ಹೆಚ್ಚು.