ಹಿಸ್ಸೆ

ಹೊಲದ ಸರ್ವೆ ನಂಬರಿನ ಮುಂದೆ ಓರೆಗೆರೆ ಎಳೆದು 1, 2 ಎಂದು ಬರೆದಿದ್ದರೆ ಅದು ಹಿಸ್ಸೆ. ಅರಬ್ಬಿಯ ‘ಹಿಸ್ಸಾ’ ಎಂದರೆ ಪಾಲು; ಪಾರಸಿ, ಮರಾಠಿಗಳ ದಾರಿ ಹಿಡಿದು ಕಂದಾಯದ ಕಾಗದಗಳ ಜೊತೆ ಕನ್ನಡಕ್ಕೆ ಬಂತು. ಮಹಾರಾಷ್ಟ್ರದ ಗಡಿಯೊಳಗಿನ, ಭೀಮಾ ದಂಡೆಯ ಭಂಡಾರಕವಠೆಯಲ್ಲಿ ಕನ್ನಡ ಮನೆಗಳ ಹೊಲಕ್ಕೂ ‘ಸಾತ್‌ಬಾರಾ ಉತಾರ’ ಎಂಬ ಜಮೀನಿನ ದಾಖಲೆ ಮೂಲದಲ್ಲಿ ಮರಾಠಿಯದು. ಅದರಲ್ಲಿ ಒಳಪಾಲಿನ ಹೆಸರು ‘ಪೋಟಹಿಸ್ಸೆ’. ಪೋಟ್ ಎಂದರೆ ಹೊಟ್ಟೆ: ಹೊಲದ ಹೊಟ್ಟೆಯೊಳಗೊಂದು ಹೊಲ!

ಕಂಪ್ಯೂಟರಿನ ಡಿಸ್ಕಿನ ಪಾರ್ಟಿಶನ್‌ಗೂ ‘ಹಿಸ್ಸೆ’ ಪದ ಸಲೀಸಾಗಿ ಹೊಂದುತ್ತದೆ, ‘ವಿಭಜನೆ’ಗಿಂತ ಚೆನ್ನಾಗಿಯೇ. 1998ರಲ್ಲಿ ಹೈಂಜ್ ಮೌಲ್ಸ್‌ಹಾಗನ್ ಲಿನಕ್ಸಿಗೆ ಬರೆದ ಎಲ್‌ವಿಎಂ (ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್), ಡಿಸ್ಕನ್ನು ಸಾಮಾನ್ಯವಾಗಿ 4 ಎಂಬಿಯ ತುಣುಕುಗಳಾಗಿ ಅಳೆದು ಲಾಜಿಕಲ್ ವಾಲ್ಯೂಮ್‌ಗಳಿಗೆ ಹಂಚುತ್ತದೆ. ಒಂದು ವಾಲ್ಯೂಮಿನ ತುಣುಕುಗಳೆಲ್ಲ ಒಂದೇ ಕಡೆ ಇರಬೇಕೆಂದಿಲ್ಲ. ಹೊಸ ಪಾರ್ಟಿಶನ್‌ಗೆ ಜಾಗ ಬಿಡಿಸುವಾಗ ತಕರಾರು ಇಲ್ಲೇ. ಬ್ಯಾಕಪ್ ತೆಗೆದು, ಅನ್‌ಮೌಂಟ್ ಮಾಡಿ, ಮೊದಲು ಒಳಗಿನ ಫೈಲ್ ಸಿಸ್ಟಂ ಕುಗ್ಗಿಸಬೇಕು, ವಾಲ್ಯೂಮ್ ಆಮೇಲೆ. ಕ್ರಮ ಹಿಂದುಮುಂದಾದರೆ ಡೇಟಾ ಹೋದಂತೆಯೇ. ಬಳಿಕ ಡಿಸ್ಕಿನ ಕೊನೆಯಲ್ಲಿ ಉಳಿದ ತುಣುಕುಗಳನ್ನು ‘ಪಿವಿಮೂವ್’ ಆಜ್ಞೆಯಿಂದ ಮೊದಲ ಭಾಗದ ಖಾಲಿ ಜಾಗಕ್ಕೆ ಸರಿಸಿ, ‘ಪಿವಿರಿಸೈಜ್’ನಿಂದ ಗಡಿಯನ್ನು ಒಳಕ್ಕೆ ತಂದು, ಪಾರ್ಟಿಶನ್ ಕಿರಿದು ಮಾಡಬೇಕು.

ಇಎಕ್ಸ್‌ಟಿ4 ಫೈಲ್ ಸಿಸ್ಟಂ ಹೀಗೆ ಕುಗ್ಗಲು ಒಪ್ಪುತ್ತದೆ. ಎಕ್ಸ್‌ಎಫ್‌ಎಸ್ ಹಿಗ್ಗುವುದರಲ್ಲಿ ಜಾಣ, ಕುಗ್ಗುವುದರಲ್ಲಿ ಹಟಮಾರಿ. ಸಾಮಾನ್ಯವಾಗಿ ಎಲ್ಲವನ್ನೂ ಬೇರೆಡೆ ನಕಲಿಸಿಕೊಂಡು ಹೊಸದಾಗಿಯೇ ಹಿಸ್ಸೆ ಮಾಡಬೇಕಾಗುತ್ತದೆ.