ತಾಯತ ಬಿಚ್ಚಿ ನೋಡಿದವರು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪುವಿನ ಶವ ಸಿಕ್ಕಾಗ ಬಲತೋಳಿನಲ್ಲಿ ತಾಯತವೊಂದಿತ್ತು. ಇಂಗ್ಲಿಷ್ ಅಧಿಕಾರಿಯೊಬ್ಬ ಅದನ್ನು ಬಿಚ್ಚಿಕೊಂಡ. ಹೂವಿನ ರೇಷ್ಮೆಯಲ್ಲಿ ಹೊಲಿದ ಬೆಳ್ಳಿಬಣ್ಣದ ಪೆಡಸು ಲೋಹ, ಅರಬ್ಬಿ-ಪಾರಸಿ ಬರಹಗಳು ಅದರೊಳಗಿದ್ದುವೆಂದು ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತ ಹೇಳುತ್ತದೆ. ಗಮನವೆಲ್ಲ ಒಳಗೇನಿದೆ ಎಂಬುದರ ಮೇಲೆ. ಯಾರು, ಯಾವ ಭಯಕ್ಕೆ ಕಟ್ಟಿದರೆಂಬ ವಿಚಾರ ಆಮೇಲೂ ಬಹುಕಾಲ ಹಿಂದೆಯೇ ಉಳಿಯಿತು.

ಟಿಪ್ಪುವಿನ ಪತನದ ನಂತರ ಇದೇ ಸೀಮೆಯಲ್ಲಿ ನೆಲೆಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಜನರ ನಡುವೆಯೇ ಇದ್ದು ಬರೆದವನು. 1816ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವನ ಪುಸ್ತಕದಲ್ಲಿ ಮಂತ್ರವಾದ, ದೃಷ್ಟಿದೋಷಗಳ ವಿವರ ಧಾರಾಳವಾಗಿದೆ, ಕುಹಕವೂ ಇದೆ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹರಡಲು ದುಡಿದವನೂ ಅವನೇ. ಎಡ್ಗರ್ ಥರ್ಸ್ಟನ್ 1912ರಲ್ಲಿ ದಕ್ಷಿಣ ಭಾರತದ ಶಕುನ-ನಂಬಿಕೆಗಳನ್ನು ಒಂದೆಡೆ ಪೇರಿಸಿದ. ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿ-ಬುಡಕಟ್ಟುಗಳ ನಾಲ್ಕು ಸಂಪುಟಗಳು 1928ರಿಂದ 1935ರ ನಡುವೆ ಬಂದವು. ಹೆರಿಗೆ, ನಾಮಕರಣ, ಸಾವಿನ ಆಚರಣೆಗಳೆಲ್ಲ ಅಲ್ಲಿ ಜಾತಿವಾರು ವಿಂಗಡಣೆಗೊಂಡವು.

ಪ್ರಾಚೀನ ಈಜಿಪ್ಟಿನ ತಾಯತಗಳ ಅಧ್ಯಯನವೂ ಹೀಗೆ ಪಟ್ಟಿಯಿಂದಲೇ ಆರಂಭವಾಯಿತು. ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1914ರಲ್ಲಿ ತಾಯತಗಳನ್ನು ಐದು ವರ್ಗಗಳಾಗಿ ಬೇರ್ಪಡಿಸಿದ. 1925ರಲ್ಲಿ ತುತಾಂಖಾಮನ್ ಶವದ ಬಟ್ಟೆ ಬಿಡಿಸುವಾಗ ಹೋವರ್ಡ್ ಕಾರ್ಟರ್ ತಂಡ ಪದರು ಪದರಾಗಿ 143 ವಸ್ತುಗಳನ್ನು ಗುರುತಿಸಿ, ಯಾವುದು ಮೈಯ ಎಲ್ಲಿತ್ತೆಂದು ದಾಖಲಿಸಿತು. 1960ರಲ್ಲಿ ಐ.ಇ.ಎಸ್. ಎಡ್ವರ್ಡ್ಸ್ ಪ್ರಕಟಿಸಿದ ಪಪೈರಸ್ ಸುರುಳಿಗಳು ನಮಗೆ ಇನ್ನೂ ಹತ್ತಿರದವು. ರೋಗ, ಹಾವು-ಚೇಳು, ಕೆಟ್ಟ ಕಣ್ಣುಗಳಿಂದ ಕಾಯುತ್ತೇವೆಂದು ದೇವರುಗಳೇ ಕೊಟ್ಟ ಮಾತು ಅವುಗಳಲ್ಲಿದೆ. ಕಾಪು ಪಡೆದವರ ಹೆಸರೂ ಅಲ್ಲೇ ಇದೆ. ಸುರುಳಿಯನ್ನು ಕೊಳವೆಗೆ ಸೇರಿಸಿ ಕೊರಳಿಗೆ ಹಾಕುತ್ತಿದ್ದರು.

ಪಾಂಡವಪುರ, ಕೆ.ಆರ್. ಪೇಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಮ್ರದ ತಗಡಿನ ಮೇಲೆ ಮೊನೆಯಿಂದ ಮನೆಗಳನ್ನು ಗೀರಿ, ಬೀಜಾಕ್ಷರ ತುಂಬಿ, ಸುರುಳಿ ಸುತ್ತಿ ಕೊಳವೆಗೆ ತುರುಕುತ್ತಾರೆ. ಬಾಯಿಗೆ ಅರಗು ಮೆತ್ತಿ, ಸಾಂಬ್ರಾಣಿ ಹೊಗೆ ತೋರಿಸಿ, ಕರಿದಾರಕ್ಕೆ ಪೋಣಿಸುತ್ತಾರೆ. ದೊಡ್ಡವರಿಗೆ ರಟ್ಟೆ, ಕೂಸಿಗೆ ಕೊರಳು ಇಲ್ಲವೇ ಉಡಿದಾರ. ಹಾಲುಗೂಸಿನ ಕೈಗೆ ಬಜೆಬೇರಿನ ತುಂಡು, ಕರೆಯುವ ಹಸುವಿಗೂ ಒಂದು ದಾರ. ರಾತ್ರಿ ಬೆಚ್ಚಿ ಅಳುವ ಮಗುವನ್ನು ದರ್ಗಾಕ್ಕೆ ಒಯ್ದು ‘ಅಂತ್ರ’ ಕಟ್ಟಿಸಿಕೊಂಡು ಬರುವ ತಾಯಿ ಜಾತಿ ಕೇಳುವುದಿಲ್ಲ. ಜಾತಿವಾರು ಸಂಪುಟಗಳ ಚೌಕಟ್ಟಿಗೆ ಸಿಗದೆ ಜಾರುವುದು ಈ ಓಡಾಟವೇ.

ಜಾನಪದ ಅಧ್ಯಯನಕ್ಕೆ ನಾಗಮಂಗಲ ತಾಲ್ಲೂಕು ಕೊಟ್ಟ ಇಬ್ಬರು ದೊಡ್ಡವರು ಜೀ.ಶಂ. ಪರಮಶಿವಯ್ಯ ಮತ್ತು ಎಚ್.ಎಲ್. ನಾಗೇಗೌಡ. ಅವರ ದುಡಿಮೆಯಿಂದ ರೂಪುಗೊಂಡ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕಗಳಿಂದ ಹಳ್ಳಿಯ ಬಳಕೆಯ ವಸ್ತುಗಳಿಗೆ ಗೌರವದ ಜಾಗ ಸಿಕ್ಕಿತು. ಇನ್ನೊಂದು ಕಡೆಯಿಂದ, ಆಗ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪವಾಡ, ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದರು. ಮಾಟ-ಮಂತ್ರದ ವಿರುದ್ಧದ ರಾಜ್ಯದ ಕಾಯ್ದೆ 2020ರಲ್ಲಿ ಜಾರಿಗೆ ಬಂತು. 2023ರಲ್ಲಿ ಬಿಗ್ ಬಾಸ್ ಸ್ಪರ್ಧಿಯೊಬ್ಬರ ಕೊರಳಿನ ಹುಲಿಯುಗುರು ಅರಣ್ಯ ಇಲಾಖೆಯ ಪ್ರಕರಣವಾದ ಮೇಲೆ ತಾಯತಕ್ಕೆ ವನ್ಯಜೀವಿ ಕಾನೂನಿನ ಮುಖವೂ ಕಂಡಿತು.

ಈಜಿಪ್ಟಿನ ವಿದ್ವಾಂಸರಿಗೆ ಸಿಕ್ಕಿದ್ದು ಗೋರಿ. ತಾಯತ ಕಟ್ಟಿದವರನ್ನು ಕೇಳುವ ಹಾಗಿರಲಿಲ್ಲ. ನಮ್ಮಲ್ಲಿ ತಗಡು ಬರೆಯುವವರೂ ಕಟ್ಟಿಸಿಕೊಳ್ಳುವವರೂ ಮಾತಿಗೆ ಸಿಗುತ್ತಾರೆ. ಎಷ್ಟು ಕೊಟ್ಟರು, ಮೈಲಿಗೆಯಲ್ಲಿ ಏನು ಮಾಡಿದರು, ಯಾವಾಗ ಬಿಚ್ಚಿದರು, ಜೊತೆಗೆ ಡಾಕ್ಟರಿಗೂ ತೋರಿಸಿದರೇ ಎಂದು ಕೇಳಿ ಬರೆದುಕೊಳ್ಳಬೇಕು. ತಾಯತವನ್ನು ನಂಬುವವರಿಗೂ ಅಲ್ಲಗಳೆಯುವವರಿಗೂ ಆ ದಾಖಲೆ ಬೇಕು. ಕೂಸಿಗೆ ಅಂತ್ರ ಕಟ್ಟಿಸಿದ ತಾಯಿಯೇ ಲಸಿಕೆಯನ್ನೂ ಹಾಕಿಸುತ್ತಾಳೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡದ ಅಧ್ಯಯನ ಅವಳನ್ನು ಅರ್ಧ ಮಾತ್ರ ಬಲ್ಲದು.